ಬಿಡುಗಡೆಯೆಂಬ ಶಿಕ್ಷೆ

ಫುಟ್‌ಬಾಲ್ ಅಕಾಡೆಮಿಗಳಲ್ಲಿ ಬೆಳೆಯುವ ಬಾಲಕರ ಮನಸ್ಸು

‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಗಾದೆಯನ್ನು ಅಕ್ಷರಶಃ ನಂಬಿ ನಡೆಯುವ ಉದ್ಯಮವೊಂದು ಜಗತ್ತಿನಲ್ಲಿದ್ದರೆ ಅದು ಫುಟ್‌ಬಾಲ್ ಉದ್ಯಮವೇ ಸರಿ. ಇಂಗ್ಲೆಂಡಿನ ಯಾವುದಾದರೊಂದು ಊರಿನ ಬಯಲಿನಲ್ಲಿ ಭಾನುವಾರ ಬೆಳಿಗ್ಗೆ ಏಳೆಂಟು ವರ್ಷದ ಹುಡುಗರು ಚೆಂಡಿನ ಹಿಂದೆ ಓಡುತ್ತಿದ್ದರೆ, ಬಯಲಿನ ಅಂಚಿನಲ್ಲಿ ಅವರ ತಂದೆತಾಯಿಗಳ ನಡುವೆ ಅಪರಿಚಿತನೊಬ್ಬನೂ ನಿಂತಿರುವುದುಂಟು. ಆತ ಯಾವುದೋ ದೊಡ್ಡ ಕ್ಲಬ್ಬಿನ ‘ಸ್ಕೌಟ್’. ಎಳೆಯ ಕಾಲುಗಳಲ್ಲಿ ಅಡಗಿರುವ ಪ್ರತಿಭೆಯನ್ನು ಗುರುತಿಸುವುದೇ ಅವನ ಕಸುಬು. ಅವನ ಕಣ್ಣಿಗೆ ಬಿದ್ದ ಹುಡುಗನ ಮನೆಗೆ ಕೆಲವು ದಿನಗಳಲ್ಲಿ ಕ್ಲಬ್ಬಿನಿಂದ ಕರೆ ಬರುತ್ತದೆ. ಅಂದು ಆ ಮನೆಯಲ್ಲಿ ಹಬ್ಬ. ಅಜ್ಜ ಅಜ್ಜಿಯರಿಗೆ ಸುದ್ದಿ ಮುಟ್ಟುತ್ತದೆ. ನೆರೆಹೊರೆಯವರು ಬೆನ್ನು ತಟ್ಟುತ್ತಾರೆ. ಶಾಲೆಯಲ್ಲಿ ಹುಡುಗನಿಗೆ ಇದ್ದಕ್ಕಿದ್ದಂತೆ ಗೆಳೆಯರು ಹೆಚ್ಚುತ್ತಾರೆ.

ಹಬ್ಬದ ದಿನ ಯಾರೂ ಲೆಕ್ಕ ಹಾಕಲು ಕುಳಿತುಕೊಳ್ಳುವುದಿಲ್ಲ. ಕುಳಿತರೆ ಉತ್ಸಾಹ ಅರ್ಧಕ್ಕಿಳಿದೀತು. ಕ್ರೀಡಾಲೇಖಕ ಮೈಕೆಲ್ ಕಾಲ್ವಿನ್ ಅವರು 2017ರಲ್ಲಿ ಪ್ರಕಟಿಸಿದ ‘ನೋ ಹಂಗರ್ ಇನ್ ಪ್ಯಾರಡೈಸ್’ ಎಂಬ ಗ್ರಂಥದಲ್ಲಿ ಕೊಟ್ಟಿರುವ ಅಂಕಿಗಳಂತೆ, ಇಂಗ್ಲೆಂಡಿನಲ್ಲಿ ಕ್ರಮಬದ್ಧವಾದ ಪಂದ್ಯಗಳಲ್ಲಿ ಆಡುವ ಹುಡುಗರು ಸುಮಾರು 15 ಲಕ್ಷ. ಅವರಲ್ಲಿ ಆ ದೇಶದ ಶ್ರೇಷ್ಠ ಪಂಕ್ತಿಯಾದ ಪ್ರೀಮಿಯರ್ ಲೀಗಿನ ಆಟಗಾರರಾಗುವವರು ಸುಮಾರು 180. ಎಂದರೆ 8 ಸಾವಿರಕ್ಕೂ ಮೀರಿದ ಹುಡುಗರಲ್ಲಿ ಒಬ್ಬ.

ಆ ಒಬ್ಬನ ಹೆಸರು ಲೋಕಕ್ಕೆಲ್ಲ ತಿಳಿಯುತ್ತದೆ. ಆರಿಸಿಕೊಂಡು ಬೆಳೆಸಿ, ಅನಂತರ ಬೇಡವೆಂದು ಕಳುಹಿಸಲಾದ ಉಳಿದ ಹುಡುಗರ ಗತಿಯೇನು? ಈ ಪ್ರಶ್ನೆಯನ್ನು ಬಹುಕಾಲ ಯಾರೂ ಗಟ್ಟಿಯಾಗಿ ಕೇಳಲಿಲ್ಲ. ಈಚಿನ ವರ್ಷಗಳಲ್ಲಿ ವೈದ್ಯರು, ಮನಃಶಾಸ್ತ್ರಜ್ಞರು, ಹಳೆಯ ಆಟಗಾರರು ಅದನ್ನು ಕೇಳತೊಡಗಿದ್ದಾರೆ. ಅವರಿಗೆ ದೊರೆತ ಉತ್ತರ ಫುಟ್‌ಬಾಲ್ ಆಡದವರಿಗೂ, ಅದನ್ನು ನೋಡದವರಿಗೂ, ಮಕ್ಕಳಿರುವ ಪ್ರತಿಯೊಂದು ಮನೆಗೂ ಸಂಬಂಧಪಟ್ಟದ್ದು.

ಮೊಳಕೆಯನ್ನು ಆರಿಸುವ ಬಗೆ

ಹಿಂದೆ ಇಂಗ್ಲೆಂಡಿನ ಕ್ಲಬ್ಬುಗಳು ಶಾಲೆ ಬಿಟ್ಟ ಹದಿಹರೆಯದ ಹುಡುಗರನ್ನು ಉಮೇದುವಾರರನ್ನಾಗಿ ಸೇರಿಸಿಕೊಳ್ಳುತ್ತಿದ್ದವು. ಹಿರಿಯ ಆಟಗಾರರ ಬೂಟುಗಳನ್ನು ಒರೆಸುತ್ತ, ಮೈದಾನದ ಕಸ ಗುಡಿಸುತ್ತ ಹುಡುಗರು ಆಟ ಕಲಿಯುತ್ತಿದ್ದರು. 1984ರಲ್ಲಿ ಲಿಲ್ಲೆಶಾಲ್ ಎಂಬಲ್ಲಿ ರಾಷ್ಟ್ರೀಯ ಶಾಲೆಯೊಂದು ತೆರೆಯಿತು. ಆಯ್ದ ಕೆಲವೇ ಹುಡುಗರಿಗೆ ಅಲ್ಲಿ ವಾಸ, ಓದು, ಆಟ ಎಲ್ಲಕ್ಕೂ ಏರ್ಪಾಡಿತ್ತು. ಅದು 1999ರವರೆಗೆ ನಡೆಯಿತು. ಅಷ್ಟರಲ್ಲಿ, 1997ರಲ್ಲಿ, ಹೊವರ್ಡ್ ವಿಲ್ಕಿನ್‌ಸನ್ ಅವರು ಸಿದ್ಧಪಡಿಸಿದ ಯೋಜನೆಯೊಂದು ಅಂಗೀಕೃತವಾಗಿ, ಮಕ್ಕಳನ್ನು ತಿದ್ದುವ ಹೊಣೆ ಕ್ಲಬ್ಬುಗಳಿಗೇ ಬಂದಿತು. ಅದರಂತೆ 1998ರಿಂದ ಅಕಾಡೆಮಿಗಳು ಹುಟ್ಟಿಕೊಂಡವು. 2012ರಲ್ಲಿ ಪ್ರೀಮಿಯರ್ ಲೀಗ್ ಮತ್ತೊಂದು ವಿಸ್ತಾರವಾದ ಯೋಜನೆಯನ್ನು ಜಾರಿಗೆ ತಂದು, ಅಕಾಡೆಮಿಗಳನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿತು. ಮೊದಲನೆಯ ದರ್ಜೆಯ ಅಕಾಡೆಮಿಗೆ ಹತ್ತಾರು ಶಿಕ್ಷಕರು, ವೈದ್ಯರು, ಒಳಾಂಗಣ ಮೈದಾನಗಳು ಇರಬೇಕೆಂದು ವಿಧಿಸಲಾಯಿತು. ಹೀಗೆ ಇಂಗ್ಲೆಂಡಿನ ಅಕಾಡೆಮಿಗಳಲ್ಲಿ ಇಂದು 10 ಸಾವಿರಕ್ಕೂ ಹೆಚ್ಚು ಬಾಲಕರಿದ್ದಾರೆ.

ವಿಧಿಯುಕ್ತವಾಗಿ ಹೆಸರು ನೋಂದಾಯಿಸುವುದು 9 ವರ್ಷದೊಳಗಿನವರ ತಂಡದಿಂದ. ಅದಕ್ಕೂ ಮೊದಲೇ, ಐದಾರು ವರ್ಷದ ಮಕ್ಕಳನ್ನು ಕ್ಲಬ್ಬುಗಳು ಕರೆಸಿಕೊಂಡು ಆಡಿಸಿ ನೋಡುತ್ತವೆ. ಮೊದಲ ದರ್ಜೆಯ ಅಕಾಡೆಮಿಗಳಲ್ಲಿ ಚಿಕ್ಕವರಿಗೆ ವಾರಕ್ಕೆ ಸುಮಾರು 4 ಗಂಟೆಗಳ ಶಿಕ್ಷಣ. ವಯಸ್ಸು ಏರಿದಂತೆ ಅದು 8 ಗಂಟೆಗೆ, ಮುಂದೆ ಸುಮಾರು 12 ಗಂಟೆಗೆ ಏರುತ್ತದೆ. ಹದಿನಾರನೆಯ ವಯಸ್ಸಿನಲ್ಲಿ ಮೊದಲನೆಯ ದೊಡ್ಡ ಜರಡಿ: ಆಯ್ಕೆಯಾದವರಿಗೆ ಎರಡು ವರ್ಷದ ‘ಸ್ಕಾಲರ್‌ಷಿಪ್’. ಹದಿನೆಂಟರ ಹೊತ್ತಿಗೆ ಎರಡನೆಯ ಜರಡಿ: ಸಂಬಳದ ಆಟಗಾರನಾಗುವ ಕರಾರುಪತ್ರ. ಇವೆರಡರ ನಡುವೆಯೂ ಹಿಂದೆಯೂ ಚಿಕ್ಕ ಜರಡಿಗಳು ಅನೇಕ. ಋತುವಿನ ಕೊನೆಯಲ್ಲಿ ‘ಇವನು ಇರಲಿ, ಇವನು ಹೋಗಲಿ’ ಎಂಬ ತೀರ್ಮಾನ ನಡೆದೇ ಇರುತ್ತದೆ.

ಮೊಳಕೆಯನ್ನು ನೋಡಿ ಬೆಳೆಯನ್ನು ಹೇಳುವುದು ಎಷ್ಟು ಕಷ್ಟವೆಂಬುದಕ್ಕೆ ಒಂದು ವಿಚಿತ್ರ ಸಂಗತಿಯಿದೆ. ಇಂಗ್ಲೆಂಡಿನಲ್ಲಿ ಶಾಲೆಯ ವರ್ಷವನ್ನು ಸೆಪ್ಟೆಂಬರ್ 1ರಿಂದ ಎಣಿಸುತ್ತಾರೆ. ಆಟದ ವಯೋವರ್ಗಗಳಿಗೂ ಅದೇ ಗಡಿ. ಆದ್ದರಿಂದ ಸೆಪ್ಟೆಂಬರಿನಲ್ಲಿ ಹುಟ್ಟಿದವನು ತನ್ನ ತಂಡದಲ್ಲಿ ಹಿರಿಯ. ಆಗಸ್ಟಿನಲ್ಲಿ ಹುಟ್ಟಿದವನು ಅವನಿಗಿಂತ ಹೆಚ್ಚುಕಡಿಮೆ ಒಂದು ವರ್ಷ ಚಿಕ್ಕವನು. ಒಂಬತ್ತರ ಪ್ರಾಯದಲ್ಲಿ ಒಂದು ವರ್ಷವೆಂದರೆ ಅಲ್ಪವಲ್ಲ. ಎತ್ತರ, ತೂಕ, ವೇಗ ಎಲ್ಲದರಲ್ಲೂ ಅಂತರ ಕಾಣುತ್ತದೆ. ಅಕಾಡೆಮಿಗಳ ಪಟ್ಟಿಯನ್ನು ಪರಿಶೀಲಿಸಿದ ಸಂಶೋಧಕರು ಮತ್ತೆ ಮತ್ತೆ ಕಂಡದ್ದು ಒಂದೇ: ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಹುಟ್ಟಿದ ಹುಡುಗರ ಸಂಖ್ಯೆ, ಜೂನ್‌ನಿಂದ ಆಗಸ್ಟಿನವರೆಗೆ ಹುಟ್ಟಿದವರ ಸಂಖ್ಯೆಗಿಂತ ಬಹಳ ಹೆಚ್ಚು. ಪ್ರತಿಭೆಯೆಂದು ಎಣಿಸಿದ್ದರಲ್ಲಿ ಒಂದಷ್ಟು ಭಾಗ ಬರಿಯ ಹುಟ್ಟಿದ ತಿಂಗಳಿನ ಮಹಿಮೆ! ಆದರೆ ಪಟ್ಟಿಯಿಂದ ಬಿಟ್ಟುಹೋದ ಬಾಲಕನಿಗೆ ಇದನ್ನು ಯಾರೂ ಹೇಳುವುದಿಲ್ಲ. ತನ್ನಲ್ಲಿಯೇ ಏನೋ ಕೊರತೆಯಿದೆಯೆಂದು ಅವನು ನಂಬುತ್ತಾನೆ.

ಹಗಲೂ ಇರುಳೂ ಪರೀಕ್ಷೆ

ನಮ್ಮ ಮನೆಗಳ ಮಕ್ಕಳು ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಹೆದರುವುದು ಎಲ್ಲರಿಗೂ ತಿಳಿದಿದೆ. ಆ ಭಯಕ್ಕೆ ಒಂದು ವೇಳಾಪಟ್ಟಿಯಾದರೂ ಇದೆ. ಪರೀಕ್ಷೆ ಮುಗಿದ ಸಂಜೆ ಅದು ಕಳೆಯುತ್ತದೆ. ಅಕಾಡೆಮಿಯ ಹುಡುಗನ ಪರೀಕ್ಷೆಗೆ ಮುಕ್ತಾಯವೆಂಬುದಿಲ್ಲ. ಪ್ರತಿಯೊಂದು ಅಭ್ಯಾಸವನ್ನೂ ಶಿಕ್ಷಕರು ಗಮನಿಸುತ್ತಾರೆ. ಪಂದ್ಯಗಳ ಚಿತ್ರ ತೆಗೆದು ತಪ್ಪುಗಳನ್ನು ಎತ್ತಿ ತೋರಿಸುತ್ತಾರೆ. ಓಡಿದ ದೂರ, ಓಟದ ವೇಗ, ಬೆಳೆದ ಎತ್ತರ ಎಲ್ಲವೂ ದಾಖಲೆಗೆ ಸೇರುತ್ತವೆ. ಇಂದು ತನ್ನ ಪಕ್ಕದಲ್ಲಿ ಆಡುವ ಗೆಳೆಯನೇ ನಾಳೆ ತನ್ನ ಸ್ಥಾನವನ್ನು ಕಸಿದುಕೊಳ್ಳಬಲ್ಲವನು. ಇಷ್ಟು ಸಾಲದೆಂಬಂತೆ ಹೊಸ ಹುಡುಗರು ಪರೀಕ್ಷಾರ್ಥವಾಗಿ ಬರುತ್ತಲೇ ಇರುತ್ತಾರೆ. ಅಂಥವನೊಬ್ಬ ಬಂದು ಚೆನ್ನಾಗಿ ಆಡಿದ ದಿನ ಹಳಬನಿಗೆ ರಾತ್ರಿ ನಿದ್ರೆ ಬರುವುದು ಕಷ್ಟ.

ಶಾಲೆಯ ಬದುಕೂ ಕ್ರಮೇಣ ಅಕಾಡೆಮಿಯ ನೆರಳಿಗೆ ಸರಿಯುತ್ತದೆ. ಕೆಲವು ಕಡೆ ವಾರದಲ್ಲಿ ಒಂದೆರಡು ಮಧ್ಯಾಹ್ನ ಪಾಠ ಬಿಡಿಸಿ ಅಭ್ಯಾಸಕ್ಕೆ ಕರೆದೊಯ್ಯುತ್ತಾರೆ. ಇನ್ನು ಕೆಲವು ಕಡೆ ಕ್ಲಬ್ಬೇ ಒಂದು ಶಾಲೆಯೊಡನೆ ಒಪ್ಪಂದ ಮಾಡಿಕೊಂಡು ತನ್ನ ಹುಡುಗರನ್ನೆಲ್ಲ ಅಲ್ಲಿಗೇ ಸೇರಿಸುತ್ತದೆ. ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬು ಆಷ್ಟನ್-ಆನ್-ಮರ್ಸಿ ಶಾಲೆಯೊಡನೆಯೂ, ಮ್ಯಾಂಚೆಸ್ಟರ್ ಸಿಟಿ ಕ್ಲಬ್ಬು ಸೇಂಟ್ ಬೀಡ್ಸ್ ಕಾಲೇಜಿನೊಡನೆಯೂ ಮಾಡಿಕೊಂಡ ಏರ್ಪಾಡು ಈ ಬಗೆಯದು. ದೂರದ ಊರುಗಳಿಂದ ಬಂದವರು ಕ್ಲಬ್ಬು ಗೊತ್ತುಮಾಡಿದ ಕುಟುಂಬಗಳಲ್ಲಿ ಉಳಿದುಕೊಳ್ಳುತ್ತಾರೆ. ಆ ಮನೆಯ ಗೃಹಿಣಿ ಎಷ್ಟೇ ಅಕ್ಕರೆಯವಳಾದರೂ, ಹದಿನೈದರ ಹುಡುಗ ಸೋತು ಬಂದ ಸಂಜೆ ತಾಯಿಯ ಸ್ಥಾನವನ್ನು ತುಂಬುವುದು ಅವಳಿಗೆ ಸುಲಭವಲ್ಲ.

ಇಂಥ ವ್ಯವಸ್ಥೆಯಿಂದ ಒಳ್ಳೆಯದೇನೂ ಆಗುವುದಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಹೊತ್ತಿಗೆ ಸರಿಯಾಗಿ ಏಳುವುದು, ಮೈಯನ್ನು ಕಾಪಾಡಿಕೊಳ್ಳುವುದು, ಹತ್ತು ಜನರೊಡನೆ ಹೊಂದಿಕೊಂಡು ನಡೆಯುವುದು ಇವೆಲ್ಲ ಅಲ್ಲಿ ದೊರೆಯುವ ಶಿಕ್ಷಣ. ಬಡ ಬಡಾವಣೆಗಳ ಎಷ್ಟೋ ಹುಡುಗರಿಗೆ ಒಳ್ಳೆಯ ಊಟ, ಒಳ್ಳೆಯ ವೈದ್ಯ, ಒಳ್ಳೆಯ ಮೈದಾನ ಮೊದಲು ದೊರೆತದ್ದು ಅಕಾಡೆಮಿಯಲ್ಲಿಯೇ. ಶ್ರಮದಿಂದ ಮಕ್ಕಳು ಕೆಡುವುದಿಲ್ಲ. ಅವರನ್ನು ಕೆಡಿಸುವುದು ತಮ್ಮ ಭಯವನ್ನು ಯಾರಲ್ಲಿಯೂ ಹೇಳಿಕೊಳ್ಳಲಾಗದ ಸ್ಥಿತಿ.

ಮೊಣಕಾಲು ನೋಯುತ್ತಿದೆಯೆಂದರೆ ತಂಡದಿಂದ ಕೈಬಿಟ್ಟಾರು. ಮನೆಯ ನೆನಪಾಗಿ ಅಳು ಬರುತ್ತಿದೆಯೆಂದರೆ ಎದೆಗಾರಿಕೆಯಿಲ್ಲವೆಂದಾರು. ನಿದ್ರೆ ಬರುತ್ತಿಲ್ಲವೆಂದರೆ ಮುಂದಿನ ಪಂದ್ಯಕ್ಕೆ ಬೇರೊಬ್ಬನನ್ನು ಹಾಕಿಯಾರು. ಹೀಗೆ ಎಣಿಸಿ ಹುಡುಗ ಎಲ್ಲವನ್ನೂ ನುಂಗಿಕೊಂಡು ನಗುತ್ತಾನೆ. ಅವನ ಕಷ್ಟವನ್ನು ಕೇಳಬೇಕಾದ ಶಿಕ್ಷಕನೇ ಅವನ ಭವಿಷ್ಯವನ್ನೂ ಬರೆಯುವವನು. ನ್ಯಾಯಾಧೀಶನ ಮುಂದೆ ಮನಸ್ಸು ಬಿಚ್ಚಿ ಅಳುವವರುಂಟೆ?

ಗೆದ್ದವರೂ ಅತ್ತಿದ್ದಾರೆ

ಸೋತವರ ಮಾತನ್ನು ಲೋಕ ‘ಕೈಗೆ ಎಟುಕದ ದ್ರಾಕ್ಷಿ ಹುಳಿ’ ಎಂದು ತಳ್ಳಿಹಾಕುವುದುಂಟು. ಆದ್ದರಿಂದ ಗೆದ್ದವರ ಅನುಭವವನ್ನೇ ನೋಡಬಹುದು.

ಸ್ಪೇನಿನ ಬಾರ್ಸಿಲೋನ ಕ್ಲಬ್ಬಿನ ‘ಲಾ ಮಾಸಿಯಾ’ ಜಗತ್ಪ್ರಸಿದ್ಧವಾದ ಅಕಾಡೆಮಿ. 1702ರಲ್ಲಿ ಕಟ್ಟಿದ ಹಳೆಯ ತೋಟದ ಮನೆಯೊಂದನ್ನು ಕ್ಲಬ್ಬು 1979ರಲ್ಲಿ ಹುಡುಗರ ವಸತಿಯನ್ನಾಗಿ ಮಾಡಿತು. 2011ರಲ್ಲಿ ವಸತಿ ಹೊಸ ಕಟ್ಟಡಕ್ಕೆ ಸಾಗಿತು. 1996ರಲ್ಲಿ ಫ್ವೆಂತೆಯಾಲ್ಬಿಯ ಎಂಬ ಚಿಕ್ಕ ಊರಿನ 12 ವರ್ಷದ ಬಾಲಕನೊಬ್ಬನನ್ನು ತಂದೆತಾಯಿಗಳು ಆ ಹಳೆಯ ಮನೆಯಲ್ಲಿ ಬಿಟ್ಟುಹೋದರು. ಅಂದು ಅವನು ಅತ್ತದ್ದು ಅಷ್ಟಿಷ್ಟಲ್ಲ. ಮುಂದೆ ಲೋಕವೆಲ್ಲ ಕೊಂಡಾಡುವ ಆಟಗಾರನಾದ ಮೇಲೂ ಆ ದಿನವನ್ನು ತನ್ನ ಬಾಳಿನ ಅತ್ಯಂತ ಕೆಟ್ಟ ದಿನಗಳ ಸಾಲಿಗೆ ಸೇರಿಸಿ ಆತ ನೆನೆದದ್ದುಂಟು. ಆತನೇ ಆಂದ್ರೆಸ್ ಇನಿಯೆಸ್ತಾ. 2010ರ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಸ್ಪೇನಿಗೆ ಜಯ ತಂದ ಗೋಲು ಅವರದು. ಆ ಜಯಕ್ಕೆ ಹಿಂದಿನ ತಿಂಗಳುಗಳಲ್ಲಿ ತಾವು ಖಿನ್ನತೆಯಿಂದ ನರಳುತ್ತಿದ್ದುದನ್ನೂ, ಮನೋವೈದ್ಯಕೀಯ ನೆರವು ಪಡೆದುದನ್ನೂ ಅವರು ಮುಂದೆ ಮುಚ್ಚುಮರೆಯಿಲ್ಲದೆ ಹೇಳಿದರು.

ಜರ್ಮನಿಯ ಸೆಬಾಸ್ಟಿಯನ್ ಡೈಸ್ಲರ್ 15ನೆಯ ವಯಸ್ಸಿನಲ್ಲಿ ಮನೆ ಬಿಟ್ಟು ಮನ್‌ಷೆನ್‌ಗ್ಲಾಡ್‌ಬಾಖ್ ಕ್ಲಬ್ಬಿನ ವಸತಿಗೆ ಸೇರಿದವರು. ಹತ್ತೊಂಬತ್ತು ಇಪ್ಪತ್ತರ ಪ್ರಾಯದಲ್ಲಿಯೇ ದೇಶದ ಫುಟ್‌ಬಾಲಿನ ಭವಿಷ್ಯವೆಲ್ಲ ಅವರ ಹೆಗಲ ಮೇಲಿದೆಯೆಂದು ಪತ್ರಿಕೆಗಳು ಬರೆದವು. ಆ ಹೆಗಲು ಎಳೆಯದೆಂಬುದು ಯಾರಿಗೂ ಹೊಳೆಯಲಿಲ್ಲ. 2003ರಲ್ಲಿ ಖಿನ್ನತೆಗಾಗಿ ಆಸ್ಪತ್ರೆ ಸೇರಿದ ಅವರು, 2007ರ ಜನವರಿಯಲ್ಲಿ, ಕೇವಲ 27ನೆಯ ವಯಸ್ಸಿನಲ್ಲಿ, ಆಟಕ್ಕೆ ಶಾಶ್ವತವಾಗಿ ವಿದಾಯ ಹೇಳಿದರು.

ಪೆರ್ ಮೆರ್ಟೆಸಾಕರ್ ಅವರ ಕಥೆ ಇನ್ನೂ ಆಶ್ಚರ್ಯಕರವಾದುದು. 2014ರಲ್ಲಿ ವಿಶ್ವಕಪ್ ಗೆದ್ದ ಜರ್ಮನ್ ತಂಡದಲ್ಲಿದ್ದ ಈ ಆರಡಿ ಮೀರಿದ ಆಳು, 2018ರ ಮಾರ್ಚ್‌ನಲ್ಲಿ ‘ಡೇರ್ ಷ್ಪೀಗಲ್’ ಪತ್ರಿಕೆಗೆ ಕೊಟ್ಟ ಸಂದರ್ಶನದಲ್ಲಿ, ಪಂದ್ಯಕ್ಕೆ ಮೊದಲು ತಮಗೆ ಹೊಟ್ಟೆ ತೊಳಸಿ ವಾಂತಿ ಬರುವಂತಾಗುತ್ತಿತ್ತೆಂದು ಹೇಳಿಕೊಂಡರು. 2006ರಲ್ಲಿ ತಮ್ಮ ದೇಶ ಇಟಲಿಗೆ ಸೋತು ವಿಶ್ವಕಪ್ಪಿನಿಂದ ಹೊರಬಿದ್ದಾಗ, ದುಃಖದ ಜೊತೆಯಲ್ಲಿಯೇ ‘ಸದ್ಯ, ಮುಗಿಯಿತಲ್ಲ’ ಎಂಬ ಸಮಾಧಾನವೂ ಆಯಿತೆಂದು ಒಪ್ಪಿಕೊಂಡರು. ಕೆಲವರು ಹಳಿದರು; ಅನೇಕರು ಮೆಚ್ಚಿದರು. ಅದೇ ವರ್ಷ ಲಂಡನ್ನಿನ ಆರ್ಸೆನಲ್ ಕ್ಲಬ್ಬು ತನ್ನ ಅಕಾಡೆಮಿಯನ್ನು ಅವರ ಕೈಗೊಪ್ಪಿಸಿತು. ಭಯವೆಂದರೇನೆಂದು ಬಲ್ಲವರು ಹುಡುಗರ ನಡುವೆ ಇರುವುದು ಒಳ್ಳೆಯದೆಂಬ ತಿಳಿವಳಿಕೆ ಮೂಡತೊಡಗಿದ ಕಾಲವದು.

ವೃತ್ತಿ ಆಟಗಾರರ ಅಂತರರಾಷ್ಟ್ರೀಯ ಸಂಘವಾದ ಫಿಫ್‌ಪ್ರೋ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಡುತ್ತಿರುವ 607 ಆಟಗಾರರ ಪೈಕಿ ಶೇಕಡ 38 ಮಂದಿಯಲ್ಲಿ ಆತಂಕ ಅಥವಾ ಖಿನ್ನತೆಯ ಲಕ್ಷಣಗಳು ಕಂಡುಬಂದವು. ಮೇಲೇರಿದವರ ಪಾಡೇ ಹೀಗಾದರೆ, ಏಣಿಯ ನಡುವಿನಿಂದ ಕೆಳಗಿಳಿಸಲ್ಪಟ್ಟ ಹುಡುಗರ ಪಾಡನ್ನು ಹೇಳಬೇಕೆ?

ಕೆಲವು ನಿಮಿಷಗಳ ಮಾತು

ಅಕಾಡೆಮಿಯಿಂದ ಹುಡುಗನನ್ನು ಕಳುಹಿಸಿಬಿಡುವುದಕ್ಕೆ ಇಂಗ್ಲೆಂಡಿನಲ್ಲಿ ಬಳಸುವ ಮಾತು ‘ರಿಲೀಸ್’. ಕನ್ನಡಕ್ಕೆ ತಂದರೆ ಬಿಡುಗಡೆ. ಬಿಡುಗಡೆಯೆಂದರೆ ನಮ್ಮ ಭಾಷೆಯಲ್ಲಿ ಸೆರೆಯಿಂದ, ಸಾಲದಿಂದ, ಸಂಕಟದಿಂದ ಪಾರಾಗುವುದು. ಕೇಳಿದರೆ ಮನಸ್ಸು ಹಗುರಾಗುವ ಮಾತು. ಈ ಹುಡುಗರ ಪಾಲಿಗೆ ಮಾತ್ರ ಅದು ಶಿಕ್ಷೆಯ ಘೋಷಣೆ. ಕಚೇರಿಯೊಂದಕ್ಕೆ ಕರೆಯುತ್ತಾರೆ, ತಂದೆಯೋ ತಾಯಿಯೋ ಪಕ್ಕದಲ್ಲಿರುತ್ತಾರೆ. ಹತ್ತು ವರ್ಷಗಳ ಸಂಜೆಗಳು, ಬಿಟ್ಟುಕೊಟ್ಟ ಹುಟ್ಟುಹಬ್ಬಗಳು, ಮಳೆಯಲ್ಲಿ ನೆನೆದ ಭಾನುವಾರಗಳು ಇವೆಲ್ಲಕ್ಕೂ ಕೆಲವು ನಿಮಿಷಗಳಲ್ಲಿ ತೀರ್ಪು ಹೇಳಿ ಮುಗಿಯುತ್ತದೆ. ಮರುದಿನ ಬೆಳಿಗ್ಗೆ ಹುಡುಗನಿಗೆ ಹೋಗಬೇಕಾದ ಜಾಗವಿಲ್ಲ, ತೊಡಬೇಕಾದ ಸಮವಸ್ತ್ರವಿಲ್ಲ, ನಿನ್ನೆಯವರೆಗಿನ ಗೆಳೆಯರೊಡನೆ ಆಡುವ ಮಾತಿಲ್ಲ.

ಇಬ್ಬರು ಬ್ರಿಟಿಷ್ ಸಂಶೋಧಕರು, ಬ್ರೌನ್ ಮತ್ತು ಪೋಟ್ರಾಕ್ ಎಂಬವರು, ಹೀಗೆ ಹೊರಬಿದ್ದ ನಾಲ್ವರು ತರುಣರೊಡನೆ ಮಾತನಾಡಿ 2009ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಆತಂಕ, ಅವಮಾನ, ಕೋಪ, ಜೊತೆಗೆ ‘ನಾನು ಈಗ ಯಾರು?’ ಎಂಬ ಬಿಡಿಸಲಾಗದ ಪ್ರಶ್ನೆ: ಆ ತರುಣರು ಹೇಳಿಕೊಂಡದ್ದು ಇದನ್ನು. 2016ರಲ್ಲಿ ಟೀಸೈಡ್ ವಿಶ್ವವಿದ್ಯಾನಿಲಯದ ಬ್ಲೇಕ್‌ಲಾಕ್ ಮೊದಲಾದವರು ಇದನ್ನು ಅಂಕಿಗಳಲ್ಲಿ ಅಳೆದರು. ಅಕಾಡೆಮಿಯಿಂದ ಹೊರಬಿದ್ದ ಹದಿಹರೆಯದ ಆಟಗಾರರನ್ನು 21 ದಿನಗಳ ಬಳಿಕ ಪರೀಕ್ಷಿಸಿದಾಗ, ಅವರಲ್ಲಿ ಸುಮಾರು ಶೇಕಡ 55 ಮಂದಿಯ ಮನೋವ್ಯಥೆ ವೈದ್ಯರ ಗಮನಕ್ಕೆ ತರಬೇಕಾದ ಮಟ್ಟದಲ್ಲಿತ್ತು. ಗಾಯ ತಾನಾಗಿಯೇ ಮಾಯುವುದೆಂದು ಹಿರಿಯರು ಭಾವಿಸುವ ದಿನಗಳಲ್ಲಿಯೇ ಅರ್ಧಕ್ಕಿಂತ ಹೆಚ್ಚು ಹುಡುಗರು ಒಳಗೊಳಗೇ ಕುದಿಯುತ್ತಿದ್ದರೆಂದಾಯಿತು.

2020ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡನ್ನೆಲ್ಲ ಕಲಕಿದ ದುರ್ಘಟನೆಯೊಂದು ನಡೆಯಿತು. ದೊಡ್ಡ ಕ್ಲಬ್ಬೊಂದರ ಅಕಾಡೆಮಿಯಲ್ಲಿ ಬೆಳೆದು, ಗಾಯಗೊಂಡು, ಅನಂತರ ಹೊರಬಿದ್ದಿದ್ದ 18 ವರ್ಷದ ತರುಣನೊಬ್ಬ ತನ್ನ ಪ್ರಾಣವನ್ನೇ ಕಳೆದುಕೊಂಡ. ಇಂಥ ಸಾವಿಗೆ ಒಂದೇ ಕಾರಣವನ್ನು ಹೊರಿಸುವುದು ತರವಲ್ಲ. ಮನುಷ್ಯನ ಮನಸ್ಸಿನ ಆಳ ಅಷ್ಟು ಸುಲಭವಾಗಿ ಅಳತೆಗೆ ಸಿಕ್ಕುವುದಿಲ್ಲ. ಆದರೆ ಆ ತರುಣನ ಕುಟುಂಬದವರೂ ಗೆಳೆಯರೂ ಎತ್ತಿದ ಪ್ರಶ್ನೆ ಎಲ್ಲ ಕ್ಲಬ್ಬುಗಳ ಬಾಗಿಲನ್ನೂ ತಟ್ಟಿತು: ಮಗುವನ್ನು ಕರೆಯಲು ಇಷ್ಟು ಜನರಿದ್ದೀರಲ್ಲ, ಕಳುಹಿಸಿದ ಮೇಲೆ ವಿಚಾರಿಸಲು ಯಾರಿದ್ದೀರಿ?

ಒಂದೇ ಕಂಬದ ಮನೆ

ಸೋಲು ಎಲ್ಲರ ಬಾಳಿನಲ್ಲಿಯೂ ಬರುತ್ತದೆ. ಈ ಹುಡುಗರಿಗೆ ಅದು ಇಷ್ಟು ತೀಕ್ಷ್ಣವಾಗುವುದೇಕೆ? ಮನಃಶಾಸ್ತ್ರಜ್ಞರು ಕೊಡುವ ಉತ್ತರ ಸರಳವಾಗಿದೆ. ಮನುಷ್ಯ ತಾನು ಯಾರೆಂಬ ಭಾವನೆಯನ್ನು ಬಾಲ್ಯದಿಂದ ಹಲವು ಕಂಬಗಳ ಮೇಲೆ ಕಟ್ಟಿಕೊಳ್ಳುತ್ತಾನೆ: ಅಮ್ಮನ ಮಗ, ತಂಗಿಯ ಅಣ್ಣ, ಲೆಕ್ಕದಲ್ಲಿ ಜಾಣ, ಚಿತ್ರ ಬರೆಯುವವ, ಬೀದಿಯ ಹುಡುಗರ ಸ್ನೇಹಿತ, ಚೆಂಡಾಟದಲ್ಲಿ ಚುರುಕು. ಒಂದು ಕಂಬ ಮುರಿದರೂ ಚಾವಣಿ ನಿಲ್ಲುತ್ತದೆ. ಅಕಾಡೆಮಿಯ ಹುಡುಗನ ವಿಷಯದಲ್ಲಿ ಲೋಕವೆಲ್ಲ ಸೇರಿ ಉಳಿದ ಕಂಬಗಳನ್ನು ಒಂದೊಂದಾಗಿ ತೆಗೆದುಬಿಡುತ್ತದೆ. ಬಂಧುಗಳು ಭೇಟಿಯಾದಾಗ ಕೇಳುವುದು ಆಟದ ವಿಷಯ. ಉಪಾಧ್ಯಾಯರು ತಮಾಷೆ ಮಾಡುವುದು ಆಟದ ವಿಷಯ. ಗೆಳೆಯರು ಹೊಗಳುವುದು ಅದನ್ನೇ. ಹದಿನಾರು ತುಂಬುವಷ್ಟರಲ್ಲಿ ಅವನು ‘ಫುಟ್‌ಬಾಲ್ ಆಡುವ ಹುಡುಗ’ನಾಗಿ ಉಳಿದಿರುವುದಿಲ್ಲ, ಬರಿಯ ‘ಫುಟ್‌ಬಾಲರ್’ ಆಗಿರುತ್ತಾನೆ. ಆ ಒಂದೇ ಕಂಬವನ್ನು ಕಿತ್ತಾಗ ಕುಸಿಯುವುದು ಮನೆಯೆಲ್ಲವೂ.

ಇಲ್ಲಿ ಹಿರಿಯರು ಸಾಮಾನ್ಯವಾಗಿ ಹೇಳುವ ಸಮಾಧಾನವೊಂದುಂಟು. ‘ಜೇಮಿ ವಾರ್ಡಿಯನ್ನು ನೋಡು, ಹದಿನಾರರಲ್ಲಿ ಷೆಫೀಲ್ಡ್ ವೆಡ್ನೆಸ್‌ಡೇ ಕ್ಲಬ್ಬು ಬೇಡವೆಂದಿತು, ಕಾರ್ಖಾನೆಯಲ್ಲಿ ದುಡಿಯುತ್ತ ಸಣ್ಣ ತಂಡದಲ್ಲಿ ಆಡಿದ, 2016ರಲ್ಲಿ ಲೆಸ್ಟರ್ ತಂಡದೊಡನೆ ಪ್ರೀಮಿಯರ್ ಲೀಗನ್ನೇ ಗೆದ್ದ. ಹ್ಯಾರಿ ಕೇನ್‌ನನ್ನು ನೋಡು; ಬಾಲ್ಯದಲ್ಲಿಯೇ ಆರ್ಸೆನಲ್ ಬಿಟ್ಟುಬಿಟ್ಟಿತು; 2023ರಲ್ಲಿ ಇಂಗ್ಲೆಂಡಿನ ಗೋಲುಗಳ ದಾಖಲೆಯನ್ನೇ ಮುರಿದ!’ ಮಾತು ಸತ್ಯ, ಉದ್ದೇಶ ಒಳ್ಳೆಯದು. ಆದರೆ ಹೊರಬಿದ್ದ ಸಾವಿರಾರು ಹುಡುಗರಲ್ಲಿ ವಾರ್ಡಿಯಾಗುವವನು ಒಬ್ಬ. ಉಳಿದವರಿಗೆ ಈ ಕಥೆ ಔಷಧವಾಗುವ ಬದಲು ಎರಡನೆಯ ಸೋಲಿನ ಬೀಜವಾಗಬಹುದು. ‘ಫುಟ್‌ಬಾಲಿನಲ್ಲಿ ಮತ್ತೆ ಗೆದ್ದರೆ ಮಾತ್ರ ನಿನಗೆ ಬೆಲೆ’ ಎಂಬುದೇ ಅದರ ಒಳದನಿಯಲ್ಲವೆ? ಹೊರಬಂದ ಹುಡುಗರಲ್ಲಿ ಬಹುಮಂದಿ ಕಾಲಕ್ರಮದಲ್ಲಿ ಶಿಕ್ಷಕರಾಗಿಯೋ ವ್ಯಾಪಾರಿಗಳಾಗಿಯೋ ಕುಶಲಕರ್ಮಿಗಳಾಗಿಯೋ ಸಂಸಾರವಂದಿಗರಾಗಿಯೋ ನೆಮ್ಮದಿಯಿಂದ ಬಾಳುತ್ತಾರೆ. ಅವರ ಕಥೆಯನ್ನು ಯಾರೂ ಬರೆಯುವುದಿಲ್ಲ. ಹೊಸದಾಗಿ ಹೊರಬಿದ್ದ ಹುಡುಗ ಕೇಳಬೇಕಾದದ್ದು ನಿಜವಾಗಿ ಆ ಕಥೆಗಳನ್ನು.

ಕಾರಿನೊಳಗಿನ ಅರ್ಧ ಗಂಟೆ

ತಂದೆತಾಯಿಗಳ ಪಾತ್ರ ಈ ಕಥೆಯಲ್ಲಿ ಅತ್ಯಂತ ಸೂಕ್ಷ್ಮವಾದುದು. ಅವರಿಲ್ಲದೆ ಯಾವ ಹುಡುಗನೂ ಅಕಾಡೆಮಿಗೆ ಹೋಗಲಾರ. ವಾರಕ್ಕೆ ಮೂರು ನಾಲ್ಕು ಸಂಜೆ ಕೆಲಸದಿಂದ ಬೇಗ ಹೊರಟು ಮಗನನ್ನು ಕಾರಿನಲ್ಲಿ ಕರೆದೊಯ್ದು, ಚಳಿಯಲ್ಲಿ ಕಾದು, ತಡರಾತ್ರಿ ಹಿಂದಿರುಗುವ ತಂದೆಯ ತ್ಯಾಗ ಸಣ್ಣದಲ್ಲ. ತ್ಯಾಗ ಹೆಚ್ಚಿದಷ್ಟೂ ನಿರೀಕ್ಷೆಯೂ ಹೆಚ್ಚುವುದು ಮನುಷ್ಯಸ್ವಭಾವ. ಮಗನಿಗೆ ಇದು ತಿಳಿಯುವುದಿಲ್ಲವೆಂದು ಹಿರಿಯರು ತಿಳಿದಿದ್ದರೆ ಅದು ತಪ್ಪು. ‘ನಾನು ಸೋತರೆ ಅಪ್ಪನ ಇಷ್ಟು ವರ್ಷದ ಶ್ರಮ ಮಣ್ಣಾಗುತ್ತದೆ’ ಎಂಬ ಲೆಕ್ಕವನ್ನು ಹನ್ನೆರಡು ವರ್ಷದ ಹುಡುಗ ಚೆನ್ನಾಗಿಯೇ ಹಾಕಬಲ್ಲ.

ಪಂದ್ಯ ಮುಗಿಸಿ ಕಾರಿನಲ್ಲಿ ಮನೆಗೆ ಮರಳುವ ಅರ್ಧ ಗಂಟೆಯ ವಿಷಯವಾಗಿ ಅಲ್ಲಿನ ತರಬೇತುದಾರರು ತಂದೆತಾಯಿಗಳಿಗೆ ಬುದ್ಧಿಮಾತು ಹೇಳುವುದುಂಟು. ಹುಡುಗನಿಗೆ ಆ ಅರ್ಧ ಗಂಟೆ ಪಂದ್ಯಕ್ಕಿಂತ ಕಠಿಣವಾಗಬಹುದು. ಕಾರಿನಿಂದ ಇಳಿದು ಹೋಗುವಂತಿಲ್ಲ, ಎದುರುತ್ತರ ಕೊಡುವಂತಿಲ್ಲ. ‘ಆ ಚೆಂಡನ್ನು ಏಕೆ ಬಿಟ್ಟೆ? ಶಿಕ್ಷಕರು ನಿನ್ನನ್ನು ಏಕೆ ಹೊರಗೆ ಕರೆದರು? ನಿನ್ನ ಜೊತೆಯವನನ್ನು ನೋಡು.’ ಇಂಥ ಮಾತುಗಳನ್ನು ಹೇಳುವ ತಂದೆ ಕೆಟ್ಟವನಲ್ಲ. ಮಗನ ಏಳಿಗೆಯನ್ನೇ ಬಯಸುವವನು. ಆದರೆ ಮಗನ ಕಿವಿಗೆ ಅದು ಬೇರೆಯಾಗಿ ಕೇಳುತ್ತದೆ: ‘ನೀನು ಚೆನ್ನಾಗಿ ಆಡಿದ ದಿನ ಮಾತ್ರ ನನ್ನ ಮಗ.’ ಆದ್ದರಿಂದ ಆ ಅರ್ಧ ಗಂಟೆ ಆಟದ ಮಾತನ್ನು ಎತ್ತದಿರುವುದೇ ಲೇಸೆಂದು ತಿಳಿದವರು ಹೇಳುತ್ತಾರೆ. ಹಸಿವಾಯಿತೇ ಎಂದು ಕೇಳಿದರೆ ಸಾಕು. ಆಟದ ವಿಷಯವನ್ನು ಹುಡುಗನೇ ಎತ್ತಿದರೆ ಆಗ ಕಿವಿಗೊಡಬೇಕು.

ಏನು ಮಾಡುತ್ತಿದ್ದಾರೆ?

ಕ್ಲಬ್ಬುಗಳು ಎಚ್ಚೆತ್ತುಕೊಂಡಿಲ್ಲವೆನ್ನುವಂತಿಲ್ಲ. ದೊಡ್ಡ ಅಕಾಡೆಮಿಗಳಲ್ಲಿ ಇಂದು ಮನಃಶಾಸ್ತ್ರಜ್ಞರಿದ್ದಾರೆ. ಆಟಗಾರರ ಯೋಗಕ್ಷೇಮಕ್ಕೆಂದೇ ನೇಮಕವಾದ ಸಿಬ್ಬಂದಿಯಿದ್ದಾರೆ. ಹುಡುಗರನ್ನು ವಯಸ್ಸಿನಿಂದಲ್ಲದೆ ಮೈಯ ಬೆಳವಣಿಗೆಯಿಂದ ವಿಂಗಡಿಸಿ ಆಡಿಸುವ ‘ಬಯೋ-ಬ್ಯಾಂಡಿಂಗ್’ ಎಂಬ ಪ್ರಯೋಗ ನಡೆದಿದೆ. ತಡವಾಗಿ ಬೆಳೆಯುವ ಹುಡುಗನಿಗೂ ಇದರಿಂದ ತನ್ನ ಚಳಕ ತೋರಿಸುವ ಅವಕಾಶ ದೊರೆಯುತ್ತದೆ. 2004ರಲ್ಲಿ ಸ್ಥಾಪಿತವಾದ ಲೀಗ್ ಫುಟ್‌ಬಾಲ್ ಎಜುಕೇಷನ್ ಎಂಬ ಸಂಸ್ಥೆ 16ರಿಂದ 18ರ ತರುಣರ ಓದಿನ ಹೊಣೆಯನ್ನು ನೋಡಿಕೊಳ್ಳುತ್ತದೆ. ಹೊರಬೀಳುವವರಿಗೆ ಬೇರೆ ತಂಡಗಳ ಕಣ್ಣಿಗೆ ಬೀಳಲು ಪಂದ್ಯಗಳನ್ನೂ ಏರ್ಪಡಿಸಿದೆ.

2022ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಕ್ಲಬ್ಬು ಇಟ್ಟ ಹೆಜ್ಜೆ ವಿಶೇಷವಾಗಿ ಗಮನಾರ್ಹ. ತನ್ನ ಅಕಾಡೆಮಿಯಿಂದ ಹೊರಹೋಗುವ 18ರಿಂದ 23 ವರ್ಷದ ಆಟಗಾರರ ಯೋಗಕ್ಷೇಮವನ್ನು ಮೂರು ವರ್ಷಗಳ ಕಾಲ ವಿಚಾರಿಸುವುದಾಗಿ ಅದು ಘೋಷಿಸಿ, ಅದಕ್ಕೆಂದೇ ಅಧಿಕಾರಿಯೊಬ್ಬರನ್ನು ನೇಮಿಸಿತು. ಓದು, ಉದ್ಯೋಗ, ಬೇರೊಂದು ತಂಡ ಯಾವುದೇ ಇರಲಿ, ದಾರಿ ಕಾಣುವವರೆಗೆ ಕೈಬಿಡುವುದಿಲ್ಲವೆಂಬುದು ಅದರ ಆಶಯ. ಮದುವೆಯಾಗಿ ಹೋದ ಮಗಳನ್ನು ತವರು ವಿಚಾರಿಸುವಂತೆ ಎನ್ನಬಹುದು.

ನಾರ್ವೆ ದೇಶ ಹಿಡಿದದ್ದು ಇನ್ನೂ ಬೇರೆಯ ದಾರಿ. ಅಲ್ಲಿನ ಕ್ರೀಡಾ ಒಕ್ಕೂಟ 1987ರಲ್ಲಿಯೇ ಮಕ್ಕಳ ಕ್ರೀಡೆಗೆ ನಿಯಮಗಳನ್ನು ರೂಪಿಸಿ, 2007ರಲ್ಲಿ ಪರಿಷ್ಕರಿಸಿತು. 11 ವರ್ಷಕ್ಕಿಂತ ಚಿಕ್ಕ ಮಕ್ಕಳ ಪಂದ್ಯಗಳಲ್ಲಿ ಫಲಿತಾಂಶದ ಪಟ್ಟಿ, ಶ್ರೇಯಾಂಕಗಳನ್ನು ಪ್ರಕಟಿಸುವಂತಿಲ್ಲ. 13ಕ್ಕಿಂತ ಮೊದಲು ರಾಷ್ಟ್ರೀಯ ಚಾಂಪಿಯನ್‌ಷಿಪ್ ಇಲ್ಲ. ಆದರೂ ನಾರ್ವೆ ಕ್ರೀಡೆಯಲ್ಲಿ ಹಿಂದುಳಿದಿಲ್ಲ. ಚಳಿಗಾಲದ ಒಲಿಂಪಿಕ್ಸ್ ಪದಕಗಳ ಪಟ್ಟಿಯಲ್ಲಿ ಮುಂಚೂಣಿಯಲ್ಲಿರುವ ದೇಶ ಅದು. ಮಕ್ಕಳನ್ನು ಬೇಗ ಜರಡಿ ಹಿಡಿಯದಿದ್ದರೆ ಪ್ರತಿಭೆ ಕೈತಪ್ಪುತ್ತದೆಂಬ ಭಯಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

ಇಷ್ಟಾದರೂ ಒಂದು ತೊಡಕು ಉಳಿದೇ ಇದೆ. ಮನಃಶಾಸ್ತ್ರಜ್ಞನೂ ಕ್ಲಬ್ಬಿನ ಸಂಬಳದವನೇ. ತಾನು ಹೇಳಿದ ಗುಟ್ಟು ತರಬೇತುದಾರನ ಕಿವಿಗೆ ಮುಟ್ಟುವುದಿಲ್ಲವೆಂಬ ನಂಬಿಕೆ ಹುಡುಗನಿಗೆ ಬಂದ ಹೊರತು ಅವನು ಬಾಯಿ ಬಿಡಲಾರ. ಪಟ್ಟಿ ಬರೆಯುವ ಕೈ ಬೇರೆ, ಕಣ್ಣೊರೆಸುವ ಕೈ ಬೇರೆ ಆಗಬೇಕು. ಅದು ಸಾಧ್ಯವಾಗುವವರೆಗೆ ಉಳಿದ ಏರ್ಪಾಡುಗಳೆಲ್ಲ ಅರ್ಧಮರ್ಧವೇ.

ನಮ್ಮ ಮನೆಗಳಿಗೆ

ಬೆಂಗಳೂರಿನ ಹಲಸೂರು, ಗೌತಮಪುರ, ಆಸ್ಟಿನ್ ಟೌನ್‌ಗಳ ಬೀದಿಗಳಲ್ಲಿ ಫುಟ್‌ಬಾಲ್ ಆಡಿ ಬೆಳೆದವರು ದೇಶಕ್ಕೇ ಹೆಸರಾದ ಕಾಲವೊಂದಿತ್ತು. ಈಗ ಹಣ ಕೊಟ್ಟು ಕಲಿಸುವ ಅಕಾಡೆಮಿಗಳು ಇಲ್ಲಿಯೂ ಬಂದಿವೆ. ಫುಟ್‌ಬಾಲಿಗೆ ಮಾತ್ರವಲ್ಲ, ಕ್ರಿಕೆಟ್ಟಿಗೆ, ಬ್ಯಾಡ್ಮಿಂಟನ್ನಿಗೆ, ಈಜಿಗೆ, ಪ್ರವೇಶ ಪರೀಕ್ಷೆಗಳಿಗೂ ಇವೆ. ಮಕ್ಕಳನ್ನು ಸೇರಿಸುವುದು ತಪ್ಪಲ್ಲ. ಸೇರಿಸುವಾಗ ಒಂದೆರಡು ಪ್ರಶ್ನೆ ಕೇಳುವುದು ಮಾತ್ರ ಅವಶ್ಯ. ಓದಿಗೆ ಎಷ್ಟು ಸಮಯ ಉಳಿಯುತ್ತದೆ? ಆಯ್ಕೆಯಾಗದ ಮಕ್ಕಳಿಗೆ ಸುದ್ದಿಯನ್ನು ಯಾರು, ಹೇಗೆ ಹೇಳುತ್ತಾರೆ? ಮಗುವಿಗೆ ಬೇಸರವಾದರೆ ಯಾರೊಡನೆ ಮಾತನಾಡಬಹುದು?

ಊಟ ಸೇರದಿರುವುದು, ನಿದ್ರೆ ಕೆಡುವುದು, ಗೆಳೆಯರನ್ನು ತೊರೆದು ಕೋಣೆ ಸೇರುವುದು, ಹಿಂದೆ ಪ್ರಿಯವಾಗಿದ್ದ ಆಟಕ್ಕೇ ಹೊಟ್ಟೆನೋವಿನ ನೆಪ ಹೇಳುವುದು, ‘ನಾನಿದ್ದು ಏನು ಪ್ರಯೋಜನ’ ಎಂಬ ಮಾತು ಬರುವುದು—ಇವು ಎರಡು ವಾರ ಮೀರಿ ಉಳಿದರೆ ‘ವಯಸ್ಸಿನ ಗುಣ’ವೆಂದು ಸುಮ್ಮನಿರಬಾರದು. ಕೊನೆಯ ಮಾತಿನ ಸುಳಿವು ಒಮ್ಮೆ ಸಿಕ್ಕಿದರೂ ಕಾಯಬಾರದು. ಕೂಡಲೆ ಬಳಿಯಲ್ಲಿ ಕುಳಿತು ಕೇಳಬೇಕು, ವೈದ್ಯರ ನೆರವು ಪಡೆಯಬೇಕು. ಭಾರತ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ‘ಟೆಲಿ-ಮನಸ್’ ಎಂಬ ಉಚಿತ ದೂರವಾಣಿ ಸೇವೆಯ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೇ ಆಗಿದೆ. 14416ಕ್ಕೆ ಕರೆ ಮಾಡಿದರೆ ಹಗಲಿರುಳೆನ್ನದೆ ಕನ್ನಡದಲ್ಲಿಯೇ ಮಾತನಾಡಬಹುದು.

ಮೊಳಕೆಯಲ್ಲಿ ಬೆಳೆಯ ಸಿರಿಯನ್ನು ಕಾಣುವ ಗಾದೆ ಹುಟ್ಟಿದ್ದು ರೈತನ ಬಾಯಲ್ಲಿ. ಆದರೆ ಆ ರೈತ ಮೊಳಕೆ ತಡವಾಯಿತೆಂದು ನೆಲವನ್ನು ಬಯ್ಯುವುದಿಲ್ಲ. ಒಂದು ಬೆಳೆ ಕೈಕೊಟ್ಟಿತೆಂದು ಹೊಲವನ್ನು ಬೀಳುಬಿಡುವುದೂ ಇಲ್ಲ. ಮುಂದಿನ ಮಳೆಗೆ ಮತ್ತೊಂದನ್ನು ಬಿತ್ತುತ್ತಾನೆ. ಮಗುವಿನ ಬದುಕು ಒಂದು ಬೆಳೆಯಲ್ಲ, ಹೊಲ. ಇಷ್ಟನ್ನು ಮನೆಯವರು ಮರೆಯದಿದ್ದರೆ, ಅಕಾಡೆಮಿಯ ಬಾಗಿಲು ಮುಚ್ಚಿದ ದಿನವೂ ಹುಡುಗನಿಗೆ ತೆರೆದ ಬಾಗಿಲೊಂದು ಇದ್ದೇ ಇರುತ್ತದೆ.